ತೊಡೆಯ ಹಿಂಬದಿ ಹರಿದಾಗ ತಿಕ್ಕುವುದು ಯಾವಾಗ, ಎಷ್ಟು, ಹೇಗೆ?

ಪ್ರಶ್ನೆ: ನನಗೆ 23 ವರ್ಷ. ಅಂಕೋಲಾ ಹತ್ತಿರದ ಹಳ್ಳಿ, ಕಬಡ್ಡಿಯಲ್ಲಿ ರೈಡರ್. 18 ದಿನದ ಹಿಂದೆ ಕುಮಟಾದಲ್ಲಿ ಆಡುವಾಗ ಬೋನಸ್ ಗೆರೆಗೆ ಬಲಗಾಲು ಚಾಚಿದೆ, ತೊಡೆಯ ಹಿಂದೆ ‘ಟಪ್’ ಎಂದಿತು. ಅದೇ ರಾತ್ರಿ ಉಳುಕು ತೆಗೆಯುವವರೊಬ್ಬರು ಬಿಸಿ ಕೊಬ್ಬರಿ ಎಣ್ಣೆ ಹಾಕಿ ಅರ್ಧ ಗಂಟೆ ಬಲವಾಗಿ ತಿಕ್ಕಿದರು. ಬೆಳಿಗ್ಗೆ ನೋಡಿದರೆ ಮೊಣಕಾಲಿನವರೆಗೆ ನೀಲಿಗಟ್ಟಿತ್ತು. ಈಗ ನಡೆಯಲು ತೊಂದರೆ ಇಲ್ಲ, ಓಡಲು ಹೋದರೆ ಹಿಡಿಯುತ್ತದೆ. ಒತ್ತಿದರೆ ಒಳಗೆ ಗಂಟಿನ ಹಾಗೆ ಸಿಗುತ್ತದೆ. ಡೀಪ್ ಟಿಶ್ಯೂ ಮಸಾಜ್ ಮಾಡಿಸಿ ಗಂಟು ಒಡೆಸು ಎಂದು ಗೆಳೆಯರು ಹೇಳುತ್ತಾರೆ. ನಾನೇ ತಿಕ್ಕಿ ಕೊಡುತ್ತೇನೆ ಅಂತಾಳೆ ಆಯಿ. ಇನ್ನು ಐದು ವಾರಕ್ಕೆ ಪಂದ್ಯ ಇದೆ. ಏನು ಮಾಡಲಿ?

ಉತ್ತರ: ಆಯಿ ತಿಕ್ಕಿ ಕೊಡಲಿ, ಇನ್ನು ಅದಕ್ಕೆ ಅಡ್ಡಿಯಿಲ್ಲ. ಗಂಟು ಒಡೆಸುವ ಗೊಡವೆಗೆ ಮಾತ್ರ ಹೋಗಬೇಡಿ. ತಿಕ್ಕಿದರೆ ನೋವು ಇಳಿಯುತ್ತದೆ, ಕಾಲು ಹಗುರಾಗುತ್ತದೆ. ಆದರೆ ಹರಿದ ಸ್ನಾಯುವಿಗೆ ಅದರಿಂದ ಬಲ ಬರುವುದಿಲ್ಲ. ಬಲ ಬರಬೇಕಾದರೆ ಆ ಸ್ನಾಯುವಿನ ಮೇಲೆ ಲೆಕ್ಕ ಹಾಕಿ ಭಾರ ಹೇರಬೇಕು. ಉಳಿದಿರುವ ಐದು ವಾರದ ಹೆಚ್ಚಿನ ಪಾಲು ಅದಕ್ಕೇ ಮೀಸಲಿರಲಿ.

ಇಂಥ ಪೆಟ್ಟಿಗೆ ನಮ್ಮ ಕಡೆ ‘ನರ ಎಳೆದಿದೆ’ ಎನ್ನುತ್ತಾರೆ. ಎಳೆದದ್ದು ನರವಲ್ಲ, ಮಾಂಸಖಂಡ. ತೊಡೆಯ ಹಿಂದೆ ಉದ್ದಕ್ಕೂ ಮೂರು ಸ್ನಾಯುಗಳಿವೆ. ಒಟ್ಟಾಗಿ ಅವನ್ನು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ಮೂರೂ ಹುಟ್ಟುವುದು ನೆಲಕ್ಕೆ ಕೂತಾಗ ಒತ್ತುವ ಕುಂಡೆಯ ಮೂಳೆಯಲ್ಲಿ. ಒಂದು ಮೊಣಕಾಲಿನ ಹೊರಬದಿಗೆ ಬಂದು ಅಂಟಿಕೊಳ್ಳುತ್ತದೆ, ಎರಡು ಒಳಬದಿಗೆ. ಮೊಣಕಾಲು ಮಡಚಿದಾಗ ಅದರ ಹಿಂದೆ ಎರಡೂ ಬದಿಗೆ ಹಗ್ಗದಂತೆ ಎದ್ದು ನಿಲ್ಲುವುದು ಇವುಗಳದೇ ತುದಿ. ಬೋನಸ್‌ಗೆ ಕಾಲು ಚಾಚುವಾಗ ಸೊಂಟದಲ್ಲಿ ಮೈ ಮುಂದಕ್ಕೆ ಬಾಗಿರುತ್ತದೆ, ಮೊಣಕಾಲು ನೆಟ್ಟಗಿರುತ್ತದೆ. ಅಂದರೆ ಸ್ನಾಯು ಎರಡೂ ತುದಿಯಿಂದ ಜಗ್ಗಿಸಿಕೊಂಡಿರುತ್ತದೆ. ಅದೇ ಹೊತ್ತಿಗೆ ಕಾಲನ್ನು ವಾಪಸ್ ಎಳೆದುಕೊಳ್ಳಲು ಅದು ಬಿಗಿಯಲೂ ಬೇಕು. ಎಳೆಗಳು ಹರಿಯುವುದು ಆ ಗಳಿಗೆಯಲ್ಲಿ.

ಹರಿದಾಗ ಒಳಗಿನ ಸಣ್ಣ ರಕ್ತನಾಳಗಳೂ ಹರಿಯುತ್ತವೆ. ಮೊದಲ ಎರಡು ಮೂರು ದಿನ ಆ ಬಾಯಿಗಳು ಮುಚ್ಚಿಕೊಳ್ಳುತ್ತಿರುತ್ತವೆ. ಆಗಲೇ ಬಿಸಿ ಎಣ್ಣೆ ಹಾಕಿ ಒತ್ತಿ ತಿಕ್ಕಿದರೆ ರಕ್ತದ ಓಟ ಹೆಚ್ಚುತ್ತದೆ, ಕಟ್ಟಿಕೊಳ್ಳುತ್ತಿದ್ದ ಹೆಪ್ಪು ಕದಡುತ್ತದೆ, ರಕ್ತ ಮತ್ತಷ್ಟು ಸೋರುತ್ತದೆ. ಸೋರಿದ ರಕ್ತ ಸ್ನಾಯುಗಳ ನಡುವಿನ ಸಂದಿಯಲ್ಲಿ ತನ್ನ ಭಾರಕ್ಕೆ ಕೆಳಗಿಳಿಯುವುದರಿಂದ ಪೆಟ್ಟಾದದ್ದು ತೊಡೆಗಾದರೂ ನೀಲಿ ಕಾಣುವುದು ಮೊಣಕಾಲಿನ ಹಿಂದೆ. ತಿಕ್ಕದಿದ್ದರೂ ಸ್ವಲ್ಪ ನೀಲಿಯಾಗುತ್ತಿತ್ತು, ಇಷ್ಟು ಆಗುತ್ತಿರಲಿಲ್ಲ. ತಿಕ್ಕಿದವರು ಒಳ್ಳೆಯದಾಗಲಿ ಎಂದೇ ತಿಕ್ಕಿದ್ದಾರೆ. ತಪ್ಪಿದ್ದು ಹೊತ್ತು, ಮತ್ತು ಕೈಯ ಭಾರ.

ಮುಂದೆ ತಂಡದಲ್ಲಿ ಯಾರಿಗಾದರೂ ಹೀಗಾದರೆ ಮೊದಲ 72 ಗಂಟೆ ಎಣ್ಣೆಯನ್ನೂ ಶಾಖವನ್ನೂ ದೂರವಿಡಿ. ಕ್ರೇಪ್ ಬ್ಯಾಂಡೇಜನ್ನು ಮೊಣಕಾಲಿನ ಮೇಲಿನಿಂದ ತೊಡೆಯ ಬುಡದವರೆಗೆ ಸುತ್ತಿ. ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಇರಲಿ. ನೋವು ಹೆಚ್ಚಿದ್ದರೆ ಒದ್ದೆ ಟವೆಲಿನಲ್ಲಿ ಸುತ್ತಿದ ಐಸ್, ಒಂದು ಸಲಕ್ಕೆ 10ರಿಂದ 15 ನಿಮಿಷ. ಕರಾವಳಿಯಲ್ಲಿ ಮೀನಿನ ಐಸ್ ಬೇಗ ಸಿಗುತ್ತದೆ, ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಳಸಬಹುದು. ಬರಿ ಚರ್ಮಕ್ಕೆ ಇಟ್ಟರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ಹಾಗೆಂದು ಹಾಸಿಗೆ ಹಿಡಿದು ಮಲಗುವುದೂ ಬೇಡ. ಕುಂಟದೆ ಎಷ್ಟು ನಡೆಯಲು ಆಗುತ್ತದೋ ಅಷ್ಟು ನಡೆಯಬೇಕು.

ಈಗ ನಿಮ್ಮ ಕಾಲಿನ ವಿಷಯ. ಆಯಿ ಕೈ ಇಡುವ ಮೊದಲು ನೀವೇ ಕೆಲವನ್ನು ನೋಡಿಕೊಳ್ಳಬೇಕು. ಬೋರಲು ಮಲಗಿ ಕುಂಡೆಯ ಮೂಳೆಯಿಂದ ಕೆಳಕ್ಕೆ ಬೆರಳಿನಿಂದ ಒತ್ತುತ್ತ ಬನ್ನಿ. ಅತಿ ಹೆಚ್ಚು ನೋಯುವ ಜಾಗ ಮೂಳೆಗೆ ಎಷ್ಟು ಹತ್ತಿರವೋ ವಾಸಿಗೆ ಅಷ್ಟು ಹೆಚ್ಚು ದಿನ ಬೇಕು. ಕಾಲು ಚಾಚಿ ಆಗುವ ಪೆಟ್ಟು ಓಡುವಾಗ ಆಗುವುದಕ್ಕಿಂತ ಹೆಚ್ಚು ಕಾಡುವುದು ಇದೇ ಕಾರಣಕ್ಕೆ. ಅಲ್ಲಿ ಬೆರಳು ತಗ್ಗಿಗೆ ಇಳಿದಂತೆ ಅನ್ನಿಸಿದರೆ, ಅಥವಾ ಬೋರಲು ಮಲಗಿ ಹಿಮ್ಮಡಿ ಎತ್ತಲು ಶಕ್ತಿಯೇ ಇಲ್ಲದಿದ್ದರೆ, ಸ್ನಾಯು ಮೂಳೆಯಿಂದ ಪೂರ್ತಿ ಕಿತ್ತಿರಬಹುದು. ಆಗ ಮಸಾಜು, ವ್ಯಾಯಾಮ ಎರಡೂ ನಿಲ್ಲಿಸಿ ಈ ವಾರವೇ ಮೂಳೆ ತಜ್ಞರನ್ನು ಕಂಡು ಎಂಆರ್‌ಐ ಮಾಡಿಸಿ. ಅದಕ್ಕಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾಗಿ ಬಂದರೂ ಮುಂದೂಡಬೇಡಿ. ಹೊಲಿಯಬೇಕಾದ ಸ್ನಾಯುವಿಗೆ ತಡವಾದಷ್ಟೂ ಹೊಲಿಗೆ ಕಷ್ಟ.

ನೋವು ಮೊಣಕಾಲು ದಾಟಿ ಪಾದದವರೆಗೆ ಇಳಿಯುತ್ತಿದ್ದರೆ, ಜುಮುಜುಮು ಅಥವಾ ಮರಗಟ್ಟಿದ ಹಾಗೆ ಇದ್ದರೆ, ಅದು ಬೆನ್ನಿನಿಂದ ಬಂದ ನರದ ತೊಂದರೆ ಇರಬಹುದು. ಆಗ ತೊಡೆ ತಿಕ್ಕಿ ಫಲವಿಲ್ಲ. ಮೀನಖಂಡ ಒಂದೇ ಕಡೆ ಊದಿಕೊಂಡು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಆ ಕಾಲನ್ನು ಯಾರೂ ಮುಟ್ಟಬಾರದು. ಒಳರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು, ಜ್ವರ ಇರುವವರು, ಚರ್ಮದಲ್ಲಿ ಕೀವು ಅಥವಾ ಗಾಯ ಇರುವವರು ಕೂಡ ಮಸಾಜಿಗೆ ಕೂರಬಾರದು.

ಇವ್ಯಾವುದೂ ಇಲ್ಲವಾದರೆ ನಿಮ್ಮದು ಎಳೆಗಳು ಭಾಗಶಃ ಹರಿದ ಎರಡನೇ ದರ್ಜೆಯ ಪೆಟ್ಟು ಎನ್ನಲು ನೀವು ಬರೆದ ಲಕ್ಷಣಗಳು ಸಾಕು.

ಇನ್ನು ಆ ಗಂಟು. ಹರಿದ ಜಾಗವನ್ನು ದೇಹ ಮೊದಲು ಒರಟು ನಾರಿನಿಂದ ತುಂಬುತ್ತದೆ. ಮೂರನೇ ವಾರದಲ್ಲಿ ಆ ನಾರು ದಿಕ್ಕುದೆಸೆಯಿಲ್ಲದೆ ಹೆಣೆದುಕೊಂಡಿರುತ್ತದೆ, ಸುತ್ತಲಿನ ಸ್ನಾಯು ಕಾವಲಿಗೆ ನಿಂತ ಹಾಗೆ ಬಿಗಿದುಕೊಂಡಿರುತ್ತದೆ. ಎರಡೂ ಸೇರಿ ಬೆರಳಿಗೆ ಗಂಟಾಗಿ ಸಿಗುತ್ತದೆ. ಸದ್ಯಕ್ಕೆ ಹರಿದ ಎರಡು ತುದಿಯನ್ನು ಹಿಡಿದುಕೊಂಡಿರುವ ತೇಪೆ ಅದೇ. ಮೊಣಕೈ ಊರಿ ಅದನ್ನು ‘ಒಡೆದರೆ’ ತೇಪೆಯನ್ನೇ ಕಿತ್ತಂತೆ. ಇನ್ನೂ ಒಂದು ಅಪಾಯ ಇದೆ: ತೊಡೆಯೊಳಗೆ ರಕ್ತ ಕಟ್ಟಿದ ಜಾಗವನ್ನು ಮತ್ತೆ ಮತ್ತೆ ಜಜ್ಜಿದರೆ ಕೆಲವರಿಗೆ ಅಲ್ಲಿ ಸುಣ್ಣ ಕಟ್ಟಿ, ಸ್ನಾಯುವಿನ ಒಳಗೇ ಮೂಳೆ ಬೆಳೆಯುತ್ತದೆ. ನಿಮ್ಮ ಗಂಟು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದ್ದರೆ, ಮೊಣಕಾಲಿನ ಚಲನೆ ಕಡಿಮೆಯಾಗುತ್ತ ಬಂದರೆ, ಒಂದು ಎಕ್ಸ್‌ರೇ ತೆಗೆಸಿ. ಪೆಟ್ಟಾಗಿ ಮೂರು ನಾಲ್ಕು ವಾರದ ಮೇಲೆ ಅದರಲ್ಲಿ ಕಾಣತೊಡಗುತ್ತದೆ. ಮೆತ್ತಗಾಗುತ್ತಿದ್ದರೆ ಬಿಟ್ಟುಬಿಡಿ. ಒರಟು ನಾರು ಸಾಲಾಗಿ ಜೋಡಿಕೊಳ್ಳುವುದು ಎಳೆತದ ದಿಕ್ಕಿನಲ್ಲಿ, ಅಂದರೆ ವ್ಯಾಯಾಮದಲ್ಲಿ.

ಹಾಗಾದರೆ ಮಸಾಜಿನಿಂದ ಸಿಗುವುದೇನು? ಕೈ ತಾಗಿದಾಗ ಚರ್ಮ ಮತ್ತು ಸ್ನಾಯುವಿನಿಂದ ಮೆದುಳಿಗೆ ಹೋಗುವ ಸುದ್ದಿ ಬದಲಾಗುತ್ತದೆ, ಕಾವಲಿನ ಬಿಗಿ ಸಡಿಲವಾಗುತ್ತದೆ, ನೋವು ಕೆಲ ಗಂಟೆ ತಗ್ಗುತ್ತದೆ. ಲ್ಯಾಕ್ಟಿಕ್ ಆಮ್ಲ ಹಿಂಡಿ ತೆಗೆಯುತ್ತದೆ ಎನ್ನುವ ಮಾತು ತಪ್ಪು. ಆಟ ಮುಗಿದು ಸುಮಾರು ಒಂದು ಗಂಟೆಯಲ್ಲಿ ರಕ್ತವೇ ಅದನ್ನು ಸಾಗಿಸಿಬಿಟ್ಟಿರುತ್ತದೆ. 2020ರಲ್ಲಿ 29 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಮಸಾಜಿನಿಂದ ಮೈನೋವು ಸ್ವಲ್ಪ ಕಡಿಮೆಯಾಗುತ್ತದೆ, ಮೈ ಸ್ವಲ್ಪ ಹೆಚ್ಚು ಬಾಗುತ್ತದೆ, ಆದರೆ ಓಟದ ವೇಗ, ಜಿಗಿತ, ಶಕ್ತಿ ಯಾವುದೂ ಹೆಚ್ಚುವುದಿಲ್ಲ ಎಂದು ಕಂಡಿತು. ನೋವು ತಗ್ಗುವುದು ಸಣ್ಣ ಲಾಭವಲ್ಲ. ನೋವು ತಗ್ಗಿದ ಆ ಹೊತ್ತಿನಲ್ಲೇ ವ್ಯಾಯಾಮ ಮಾಡಿದರೆ ಕಾಲು ಹೆದರದೆ ಭಾರ ಹೊರುತ್ತದೆ. ಆದ್ದರಿಂದ ಸಂಜೆ ತಿಕ್ಕಿಸಿಕೊಂಡು ಮಲಗುವ ಬದಲು, ತಿಕ್ಕಿಸಿಕೊಂಡ ಅರ್ಧ ಗಂಟೆಯೊಳಗೆ ವ್ಯಾಯಾಮಕ್ಕೆ ಇಳಿಯಿರಿ.

ಇದನ್ನು ನಿಮ್ಮ ಆಯಿಗೆ ಓದಿ ಹೇಳಿ. ಎತ್ತರದ ಮಂಚದ ಮೇಲೆ ಬೋರಲು ಮಲಗಬೇಕು, ಪಾದದ ಗಂಟಿನ ಕೆಳಗೆ ಸುತ್ತಿದ ಹೊದಿಕೆ ಇಟ್ಟು ಮೊಣಕಾಲು ಸ್ವಲ್ಪ ಮಡಚಿರಬೇಕು. ಮೊಣಕಾಲು ನೆಟ್ಟಗಿದ್ದರೆ ಸ್ನಾಯು ಬಿಗಿದಿರುತ್ತದೆ, ಕೈ ಒಳಗೆ ಇಳಿಯುವುದಿಲ್ಲ, ತಿಕ್ಕುವವರು ಅದಕ್ಕೇ ಇನ್ನಷ್ಟು ಒತ್ತುತ್ತಾರೆ. ಎಣ್ಣೆ ಎರಡು ಚಹಾ ಚಮಚ ಸಾಕು, ಅಂಗೈಯಲ್ಲಿ ಉಜ್ಜಿ ಬೆಚ್ಚಗಾದಷ್ಟೇ ಬಿಸಿ. ಎಣ್ಣೆ ಹೆಚ್ಚಾದರೆ ಕೈ ಜಾರುತ್ತದೆ, ಹಿಡಿತ ಸಿಗುವುದಿಲ್ಲ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಆಯುರ್ವೇದದ ತೈಲ, ಯಾವುದಾದರೂ ನಡೆಯುತ್ತದೆ. ಚರ್ಮದ ಮೇಲೆ ಕೈ ಜಾರಲು ಇರುವುದು ಅದು, ಹರಿದ ಸ್ನಾಯುವಿನವರೆಗೆ ಇಳಿದು ಕೂಡಿಸುವುದಿಲ್ಲ. ಮನೆಯಲ್ಲಿ ಮುರುಗಲ ತುಪ್ಪ ಇದ್ದರೆ ಅದನ್ನು ಹಿಮ್ಮಡಿ ಒಡಕಿಗೆ ಇಟ್ಟುಕೊಳ್ಳಿ, ಇದಕ್ಕೆ ಅದು ಗಟ್ಟಿಯಾಯಿತು.

ಮೊದಲ ಮೂರು ನಿಮಿಷ ಪೂರ್ತಿ ಅಂಗೈಯಿಂದ ಮೊಣಕಾಲಿನ ಮೇಲಿನಿಂದ ಕುಂಡೆಯ ಕಡೆಗೆ ನಿಧಾನ ನೀವುವುದು. ಒಂದು ನೀವಿಗೆ ನಾಲ್ಕೈದು ಸೆಕೆಂಡು, ಮೇಲೆ ಹೋಗುವಾಗ ಭಾರ, ಕೆಳಗೆ ಬರುವಾಗ ಬರಿ ಸ್ಪರ್ಶ. ನಂತರ ಐದು ನಿಮಿಷ ಎರಡೂ ಕೈಯಿಂದ ಸ್ನಾಯುವನ್ನು ಮೂಳೆಯಿಂದ ಎತ್ತಿ, ಚಪಾತಿ ಹಿಟ್ಟು ನಾದಿದ ಹಾಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದು. ಬೆರಳ ತುದಿಯಿಂದ ಚಿವುಟಿದಂತಾಗಬಾರದು, ಇಡೀ ಅಂಗೈ ತಾಗಿರಬೇಕು. ನೋಯುವ ಗಂಟಿನ ಮೇಲೆ ಎರಡು ಬೆರಳಗಲ ಜಾಗ ಬಿಟ್ಟು ಅದರ ಸುತ್ತ ಮಾಡಲಿ. ಒಂದು ವಾರ ಕಳೆದ ಮೇಲೆ ಗಂಟಿನ ಮೇಲೆಯೇ ಅಂಗೈಯ ಬುಡ ಇಟ್ಟು, ಉಜ್ಜದೆ, 20 ಸೆಕೆಂಡು ಒತ್ತಿ ಬಿಡುವುದನ್ನು ನಾಲ್ಕೈದು ಸಲ ಮಾಡಬಹುದು. ಕೊನೆಯ ಎರಡು ನಿಮಿಷ ಮತ್ತೆ ನೀವುವುದು. ಒಟ್ಟು ಹತ್ತು ನಿಮಿಷ, ದಿನ ಬಿಟ್ಟು ದಿನ. ಮೊಣಕಾಲಿನ ಹಿಂದಿನ ಗುಳಿಯನ್ನು ಎಂದೂ ಒತ್ತಬಾರದು. ದೊಡ್ಡ ರಕ್ತನಾಳವೂ ನರವೂ ಅಲ್ಲಿ ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುತ್ತವೆ.

ಒತ್ತಡ ಎಷ್ಟು? ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರೆ ನಾಲ್ಕು ದಾಟಬಾರದು. ನೀವು ಉಸಿರು ಬಿಗಿ ಹಿಡಿದರೆ, ಕಾಲ್ಬೆರಳು ಮಡಚಿದರೆ, ನಾಲ್ಕು ದಾಟಿತು ಎಂದೇ ಲೆಕ್ಕ. ‘ನೋವಾದರೇ ಗುಣ’ ಎಂಬ ನಂಬಿಕೆ ಇಲ್ಲಿ ತಿರುಗಿ ಬಡಿಯುತ್ತದೆ: ಹೆಚ್ಚು ಒತ್ತಿದಷ್ಟೂ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ. ಫಲ ಇದೆಯೋ ಇಲ್ಲವೋ ತಿಳಿಯಲು ತಿಕ್ಕುವ ಮೊದಲೂ ಆಮೇಲೂ ಅಂಗಾತ ಮಲಗಿ, ಮೊಣಕಾಲು ಮಡಚದೆ ಕಾಲು ಎತ್ತಿ ನೋಡಿ. ಮೊದಲಿಗಿಂತ ಹೆಚ್ಚು ಎದ್ದರೆ ಸರಿಯಾಗಿದೆ. ಕಡಿಮೆಯಾದರೆ, ಅಥವಾ ಮರುದಿನ ಹೊಸ ನೀಲಿ ಕಂಡರೆ, ಕೈ ಭಾರವಾಯಿತು; ಮೂರು ದಿನ ಬಿಟ್ಟು ಅರ್ಧ ಒತ್ತಡದಿಂದ ಮತ್ತೆ ಶುರು ಮಾಡಿ.

ಈಗ ಭಾರದ ಕೆಲಸ. ಸ್ವೀಡನ್ನಿನಲ್ಲಿ 75 ಫುಟ್‌ಬಾಲ್ ಆಟಗಾರರ ಮೇಲೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ನಾಯುವನ್ನು ಉದ್ದವಾಗಿಸುತ್ತ ಬಲ ಕೊಡುವ ಮೂರು ವ್ಯಾಯಾಮ ಮಾಡಿದವರು ಸರಾಸರಿ 28 ದಿನಕ್ಕೆ ಪೂರ್ತಿ ಅಭ್ಯಾಸಕ್ಕೆ ಮರಳಿದರು, ರೂಢಿಯ ವ್ಯಾಯಾಮ ಮಾಡಿದವರಿಗೆ 51 ದಿನ ಬೇಕಾಯಿತು. ಮೂರಕ್ಕೂ ಯಾವ ಯಂತ್ರವೂ ಬೇಡ.

ಒಂದನೆಯದು, ಅಂಗಾತ ಮಲಗಿ ಬಲ ತೊಡೆಯನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ನಿಲ್ಲಿಸಿ, ಮೊಣಕಾಲನ್ನು ನಿಧಾನವಾಗಿ ಬಿಚ್ಚುತ್ತ ನೋವು ಶುರುವಾಗುವ ಸ್ವಲ್ಪ ಮೊದಲು ನಿಲ್ಲಿಸುವುದು. 12 ಸಲದ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು. ಎರಡನೆಯದು, ಬಲಗಾಲಿನ ಮೇಲೆ ನಿಂತು, ಆ ಮೊಣಕಾಲು ತುಸು ಮಡಚಿ, ಕೈ ಮುಂದೆ ಎಡಗಾಲು ಹಿಂದೆ ಚಾಚಿ, ಹೊಳೆಗೆ ಧುಮುಕುವವರಂತೆ ಸೊಂಟದಿಂದ ಬಾಗುವುದು. 6 ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಬೆನ್ನು ಗೂನಾದರೆ ಭಾರ ತೊಡೆಗೆ ಬೀಳದೆ ಸೊಂಟಕ್ಕೆ ಬೀಳುತ್ತದೆ. ಬೆನ್ನ ಮೇಲೆ ಒಂದು ಕೋಲು ಇಟ್ಟು ಅದು ಕುಂಡೆಗೂ ತಲೆಗೂ ತಾಗಿರುವಂತೆ ಬಾಗಿ ಕಲಿಯಿರಿ. ಮೂರನೆಯದೇ ಕಷ್ಟದ್ದು. ನಯವಾದ ನೆಲದ ಮೇಲೆ ಒಂದು ಕೈಯಲ್ಲಿ ಕಿಟಕಿ ಸರಳು ಹಿಡಿದು ನಿಂತು, ಭಾರವೆಲ್ಲ ಬಲ ಹಿಮ್ಮಡಿಯ ಮೇಲೆ ಹಾಕಿ, ಸಾಕ್ಸ್ ತೊಟ್ಟ ಎಡಗಾಲನ್ನು ಹಿಂದಕ್ಕೆ ಜಾರಿಸುತ್ತ ಹೋಗುವುದು. ನೋವು ಬರುವ ಮೊದಲು ನಿಂತು, ಕೈಯ ಬಲದಿಂದಲೇ ಮೇಲೆ ಬರಬೇಕು. 4 ಸಲದ ಮೂರು ಸುತ್ತು, ಮೂರು ದಿನಕ್ಕೊಮ್ಮೆ ಮಾತ್ರ. ನೀವು ಇದುವರೆಗೆ ಏನೂ ಮಾಡಿಲ್ಲದಿದ್ದರೆ ಮೊದಲ ನಾಲ್ಕು ದಿನ ಮೊದಲನೆಯದನ್ನಷ್ಟೇ ಮಾಡಿ. ಜೊತೆಗೆ ಅಂಗಾತ ಮಲಗಿ ಮೊಣಕಾಲು ಮಡಚಿ ಕುಂಡೆ ಎತ್ತುವುದನ್ನು ಎರಡೂ ಕಾಲಿನ ಮೇಲೆ, ಆಮೇಲೆ ಬಲಗಾಲೊಂದರ ಮೇಲೆ ರೂಢಿಸಿ.

ನೆಟ್ಟಗೆ ನಿಂತು ಪಾದ ಮುಟ್ಟುವಂಥ, ಹಿಡಿದು ಜಗ್ಗುವ ಸ್ಟ್ರೆಚಿಂಗ್ ಸದ್ಯಕ್ಕೆ ಬೇಡ. ಬಿಗಿಯಾಗಿದೆ ಅನ್ನಿಸಿದಾಗಲೆಲ್ಲ ಹುಡುಗರು ಅದನ್ನೇ ಮಾಡುತ್ತಾರೆ, ಅದು ಹೊಸ ತೇಪೆಯನ್ನು ಮತ್ತೆ ಮತ್ತೆ ಎಳೆದು ನೋಯಿಸುತ್ತದೆ.

ನೋವಿಲ್ಲದೆ ಚುರುಕಾಗಿ 20 ನಿಮಿಷ ನಡೆಯಲು ಆದರೆ ಓಟ ಆರಂಭಿಸಬಹುದು. 20 ಮೀಟರ್ ವೇಗ ಏರಿಸುತ್ತ, 20 ಮೀಟರ್ ಅದೇ ವೇಗದಲ್ಲಿ, 20 ಮೀಟರ್ ಇಳಿಸುತ್ತ. ಇಂಥ ಓಟ ಆರು. ಮೊದಲ ದಿನ ನಿಮ್ಮ ಪೂರ್ತಿ ವೇಗದ ಅರ್ಧ ಮಾತ್ರ. ಮರುದಿನ ಬೆಳಿಗ್ಗೆ ಎದ್ದಾಗ ಹಿಂದಿನ ದಿನಕ್ಕಿಂತ ಹೆಚ್ಚು ಹಿಡಿದಿಲ್ಲವಾದರೆ ಮುಂದಿನ ಸಲ ಶೇ 10 ಏರಿಸಿ. ಹಿಡಿದಿದ್ದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ನಿಲ್ಲಿಸುವಾಗ ಗಕ್ಕನೆ ನಿಲ್ಲಬೇಡಿ. ಕಡಲತೀರ ಹತ್ತಿರ ಇದೆ ಎಂದು ಅಲ್ಲೇ ಓಡುವ ಆಸೆ ಆಗುತ್ತದೆ. ಒಣ ಮರಳಿನಲ್ಲಿ ಪಾದ ಹೂತು ಜಾರುತ್ತದೆ, ತೊಡೆಯ ಹಿಂಬದಿ ಪ್ರತಿ ಹೆಜ್ಜೆಗೂ ಹೆಚ್ಚು ಎಳೆಯಬೇಕು. ಇಳಿತದ ಹೊತ್ತಿನ ಗಟ್ಟಿ ಒದ್ದೆ ಮರಳು ಪರವಾಗಿಲ್ಲ, ಆದರೆ ದಂಡೆ ಕಡಲ ಕಡೆಗೆ ಇಳಿಜಾರು ಇರುವುದರಿಂದ ಎರಡು ಕಾಲಿಗೆ ಒಂದೇ ಭಾರ ಬೀಳುವುದಿಲ್ಲ. ಮೊದಲ ಎರಡು ವಾರ ಸಪಾಟಾದ ಮೈದಾನವೇ ಒಳ್ಳೆಯದು.

ಪೂರ್ತಿ ವೇಗದ ಶೇ 90 ತಲುಪಿದ ಮೇಲೆ ಕಬಡ್ಡಿಯ ಹೆಜ್ಜೆಗಳು: ಮೊದಲು ಅಕ್ಕಪಕ್ಕದ ಚಲನೆ, ಆಮೇಲೆ ತಿರುಗಿ ಓಡುವುದು, ಆಮೇಲೆ ಹಿಂದಕ್ಕೆ ಒದೆಯುವುದು. ಬೋನಸ್‌ಗೆ ಮತ್ತು ಟೋ ಟಚ್‌ಗೆ ಕಾಲು ಚಾಚುವುದು ಎಲ್ಲಕ್ಕೂ ಕೊನೆ. ಎದುರಾಳಿ ಕಾಲು ಹಿಡಿದು ಎಳೆಯುವುದನ್ನು ಗೆಳೆಯರ ಜೊತೆ ನಿಧಾನವಾಗಿ ಅಭ್ಯಾಸ ಮಾಡದೆ ಪಂದ್ಯಕ್ಕೆ ಇಳಿಯಲೇಬೇಡಿ, ಏಕೆಂದರೆ ಅಂಗಣದಲ್ಲಿ ಅದು ನಿಮ್ಮ ಹಿಡಿತದಲ್ಲಿರುವುದಿಲ್ಲ.

ಸಿದ್ಧವಾಗಿದ್ದೀರೋ ಎನ್ನುವುದನ್ನು ದಿನ ಎಣಿಸಿ ಹೇಳಲಾಗದು. ಹಿಮ್ಮಡಿಯನ್ನು ಮೊಣಕಾಲೆತ್ತರದ ಬೆಂಚಿನ ಮೇಲಿಟ್ಟು ಒಂದೇ ಕಾಲಿನಲ್ಲಿ ಕುಂಡೆ ಎತ್ತಿ ಎಣಿಸಿ: ಬಲಗಾಲಿನಲ್ಲಿ 25 ಆಗಬೇಕು, ಎಡಕ್ಕೂ ಬಲಕ್ಕೂ ಎರಡು ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಂತರ ಅಂಗಾತ ಮಲಗಿ, ಮೊಣಕಾಲು ನೆಟ್ಟಗಿಟ್ಟು, ಬಲಗಾಲನ್ನು ಆದಷ್ಟು ಜೋರಾಗಿ ಮೇಲಕ್ಕೆ ಬೀಸಿ. ನೋವಾಗದಿದ್ದರೂ ಮನಸ್ಸು ಅರೆಕ್ಷಣ ಹಿಂಜರಿದರೆ ಇನ್ನೂ ಸಮಯ ಬಂದಿಲ್ಲ ಎಂದರ್ಥ. ಮೂರು ದಿನ ಬಿಟ್ಟು ಮತ್ತೆ ಬೀಸಿ ನೋಡಿ. ಈ ಹಿಂಜರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಮ್ಮೆ ಹರಿದ ಹ್ಯಾಮ್‌ಸ್ಟ್ರಿಂಗ್ ಮತ್ತೆ ಹರಿಯುವ ಅಪಾಯ ಹೆಚ್ಚಿರುವುದು ಆಟಕ್ಕೆ ಮರಳಿದ ಮೊದಲ ಎರಡು ವಾರದಲ್ಲಿ, ಎರಡನೇ ಸಲದ್ದು ಸಾಮಾನ್ಯವಾಗಿ ಮೊದಲಿನದಕ್ಕಿಂತ ಹೆಚ್ಚು ದಿನ ಕೂರಿಸುತ್ತದೆ.

ಪಂದ್ಯದ ದಿನದ ಮಸಾಜು ಬೇರೆಯೇ. ಹಿಂದಿನ ದಿನ ಗಟ್ಟಿಯಾಗಿ ತಿಕ್ಕಿಸಿಕೊಂಡರೆ ಕಾಲು ಭಾರವಾಗಿ ಮರುದಿನ ನೋಯುತ್ತದೆ. ಆಟಕ್ಕೆ ಮುಂಚೆ ಐದು ನಿಮಿಷ ಬಟ್ಟೆಯ ಮೇಲಿನಿಂದಲೇ ಚುರುಕಾಗಿ ಉಜ್ಜಿ ತಟ್ಟುವುದು ಸಾಕು, ಅದರ ಮೇಲೆ 15 ನಿಮಿಷ ಮೈ ಬಿಸಿ ಮಾಡುವ ಓಟ ಆಗಲೇಬೇಕು. ಅಂಗಣಕ್ಕೆ ಇಳಿಯುವ ಮುಂಚೆ ತೊಡೆಗೆ ಎಣ್ಣೆ ಬೇಡ. ಉರಿಯುವ ಮುಲಾಮು ಹಚ್ಚಿ ಅದರ ಮೇಲೆ ಬಿಸಿನೀರಿನ ಚೀಲ ಇಟ್ಟು ಚರ್ಮ ಸುಟ್ಟುಕೊಳ್ಳುವವರಿದ್ದಾರೆ, ಎರಡನ್ನೂ ಒಟ್ಟಿಗೆ ಬಳಸಬಾರದು. ತಂಪು ಸ್ಪ್ರೇ ಕೆಲ ನಿಮಿಷ ಚರ್ಮವನ್ನು ಮರಗಟ್ಟಿಸುತ್ತದೆ, ಒಳಗಿನ ಸ್ನಾಯುವಿಗೆ ಏನೂ ಮಾಡುವುದಿಲ್ಲ. ನೋವಿನ ಗುಳಿಗೆ ನುಂಗಿ ಇಳಿಯುವುದು ಇದಕ್ಕಿಂತ ಕೆಟ್ಟದ್ದು, ಕಾಲು ಕೊಡುವ ಎಚ್ಚರಿಕೆಯನ್ನೇ ಅದು ಮುಚ್ಚಿಬಿಡುತ್ತದೆ.

ಐದು ವಾರ ಎಂದರೆ ಪೆಟ್ಟಾಗಿ 53 ದಿನ. ನೋವಿನ ಜಾಗ ತೊಡೆಯ ನಡುವಿನಲ್ಲಿದ್ದರೆ ಸಾಧ್ಯ ಎಂದು ನನಗೆ ಅನ್ನಿಸುತ್ತದೆ. ಕುಂಡೆಯ ಮೂಳೆಗೆ ಅಂಟಿದಂತಿದ್ದರೆ ಈ ಪಂದ್ಯ ಬಿಡಿ. ಆಡಿದರೂ ಮೊದಲರ್ಧದ 20 ನಿಮಿಷ ಮಾತ್ರ ಆಡಿ, ದಣಿದ ಸ್ನಾಯು ಬೇಗ ಹರಿಯುತ್ತದೆ. ಬೋನಸ್‌ಗೆ ಹೋಗುವುದಿಲ್ಲ ಎಂದು ನಾಯಕನಿಗೆ ಮೊದಲೇ ಹೇಳಿ, ಬದಲಿ ರೈಡರ್ ತಯಾರಿರಲಿ. ಪಂದ್ಯ ಮುಗಿದ ವಾರದಿಂದ ನಾರ್ಡಿಕ್ ವ್ಯಾಯಾಮ ಶುರು ಮಾಡಿ: ಮೊಣಕಾಲೂರಿ ಕೂತು, ಗೆಳೆಯ ಎರಡೂ ಹಿಮ್ಮಡಿ ಒತ್ತಿ ಹಿಡಿದಿರುವಾಗ, ಸೊಂಟ ಮಡಚದೆ ಮೈಯನ್ನು ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳಬಿಡುವುದು. ಮೊದಲ ವಾರ ಒಂದು ದಿನ, 5 ಸಲದ ಎರಡು ಸುತ್ತು. ಎರಡನೇ ವಾರ ಎರಡು ದಿನ, 6 ಸಲದ ಎರಡು ಸುತ್ತು. ಆಮೇಲೆ ಮೂರು ದಿನ, ಮೂರು ಸುತ್ತು. ತಂಡಕ್ಕೆ ತಂಡವೇ ಇದನ್ನು ಮಾಡಿದ ಕಡೆ ಹ್ಯಾಮ್‌ಸ್ಟ್ರಿಂಗ್ ಪೆಟ್ಟು ಸುಮಾರು ಅರ್ಧಕ್ಕೆ ಇಳಿದಿದೆ, ಹಾಗಾಗಿ ಹಿಮ್ಮಡಿ ಹಿಡಿದ ಗೆಳೆಯನಿಗೂ ಸರದಿ ಕೊಡಿ.